ಕಾರಿನ ಮೂಗು ಮತ್ತು ನನ್ನ ಜಪಮಾಲೆ

ಹೆದರುವುದಕ್ಕೆ ನಾನು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ಶಿರ್ವದ ನಮ್ಮ ಮನೆಯ ಶೆಡ್ಡಿನಲ್ಲೇ ಅದಕ್ಕೆ ಬೇಕಾದದ್ದು ಟಾರ್ಪಾಲು ಹೊದ್ದು ನಿಂತಿದೆ. ಎರಡು ಬಾಗಿಲಿನ, ಕೆಂಪು ಬಣ್ಣದ, ನಮ್ಮ ಮಗಳಿಗಿಂತ ಹಳೆಯದಾದ ಟರ್ಬೊ ಸ್ಪೋರ್ಟ್ಸ್ ಕಾರು. ನಮ್ಮವರು ಗಲ್ಫಿನ ವರ್ಕ್‌ಶಾಪ್ ಕೆಲಸ ಬಿಟ್ಟು ಬಂದ ಮೇಲೆ ಮುಂಬಯಿಯ ಯಾರದೋ ಕೈಯಿಂದ ತಂದದ್ದು. ನಾನು ಕನ್ನಡ ಟೀಚರ್, ಹಲ್ಲಿ ಬಿದ್ದರೂ ಕಿರುಚುವವಳು. ಇಂಥವಳನ್ನೇ ಹಿಡಿದು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡರೆ ದಿನಕ್ಕೊಂದು ಕಥೆ ಆಗದೆ ಇರುತ್ತದಾ?

ಒಲೆಯ ಮೇಲೆ ಕೂತದ್ದು

ಮೊದಲ ಸಲ ಉಡುಪಿಗೆ ಹೊರಟದ್ದು. ಉದ್ಯಾವರದ ಹತ್ತಿರ ಹೈವೇಯಲ್ಲಿ ಕಾರು ಕಟಕಟ ಎಂದಿತು, ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಆಮೇಲೆ ಬಲವೆಲ್ಲ ಹೋಗಿ ನಿಂತೇ ಬಿಟ್ಟಿತು. ಹಿಂದಿನಿಂದ ಮೀನಿನ ಲಾರಿ ಹಾರ್ನ್ ಹಾಕಿಕೊಂಡು ಬರುತ್ತಿತ್ತು. ನಾನು ಬಾಗಿಲು ತೆಗೆದು ಓಡಿದವಳು ಬಸ್‌ಸ್ಟ್ಯಾಂಡಿನಲ್ಲೇ ನಿಂತದ್ದು.

ನಾನು ವಾಪಸ್ ಬಂದ ಮೇಲೆ ಇವರು ಬಾನೆಟ್ ಎತ್ತಿ ಪಾಠ ಶುರು ಮಾಡಿದರು. ಟರ್ಬೊ ಗಾಳಿಯನ್ನು ಒತ್ತಿ ಇಂಜಿನಿಗೆ ಕೊಡುತ್ತದಂತೆ. ಒತ್ತಿದ ಗಾಳಿ ಬಿಸಿಯಾಗುತ್ತದಂತೆ. ಅದನ್ನು ತಣಿಸುವ ಜಾಲರಿ ಪೆಟ್ಟಿಗೆಯೇ ಇಂಟರ್‌ಕೂಲರ್. ಬಾನೆಟ್ಟಿನ ಮೇಲೆ ಒಂದು ಮೂಗು ಉಂಟಲ್ಲ, ಅದರಿಂದ ಹೊರಗಿನ ತಂಪು ಗಾಳಿ ಬಂದು ಅದಕ್ಕೆ ತಾಗಬೇಕು. ತಾಗದಿದ್ದರೆ ಬಿಸಿ ಗಾಳಿಯೇ ಇಂಜಿನಿಗೆ ಹೋಗಿ ಹೀಗೆ ಕಟಕಟ ಎನ್ನುತ್ತದಂತೆ.

"ಅದನ್ನು ಎಲ್ಲಿ ಇಟ್ಟಿದ್ದಾರೆ?" ಎಂದು ಕೇಳಿದೆ.

"ಇಂಜಿನಿನ ಮೇಲೆ."

"ಒಲೆಯ ಮೇಲೆ ಕೂರಿಸಿ ತಣ್ಣಗಿರು ಎಂದರೆ ಯಾರು ಇರ್ತಾರೆ ಮಾರಾಯ್ರೆ? ಮಾರಿಬಿಡಿ ಇದನ್ನು!"

ಆದರೆ ಮಗಳ ಮದುವೆ ಗೊತ್ತಾಗಿತ್ತು. ಅವಳು ಚಿಕ್ಕವಳಿದ್ದಾಗ ಇವರು ಗಲ್ಫಿನಲ್ಲಿದ್ದರು. ಒಂದು ದಿನವೂ ಶಾಲೆಗೆ ಬಿಟ್ಟದ್ದಿಲ್ಲ. ಹಾಗಾಗಿ, "ಪಪ್ಪಾ, ಇಗರ್ಜಿಗಾದರೂ ನೀವೇ ಈ ಕಾರಲ್ಲಿ ಬಿಡಬೇಕು" ಎಂದು ಹಟ ಹಿಡಿದಿದ್ದಳು. ಇಗರ್ಜಿ ಅಂದರೆ ನಮ್ಮ ಚರ್ಚು. ಕೊನೆಗೆ ಮನೆಯಲ್ಲಿ ದೇವರನ್ನಿಟ್ಟ ಅಲ್ತಾರಿನ ಮುಂದೆ ಇವರಿಂದ ಮಾತು ತೆಗೆದುಕೊಂಡೆ. ಇನ್ನೊಂದು ಸಲ ದಾರಿಯಲ್ಲಿ ನಿಂತರೆ ಮಾರುವುದು, ಮದುವೆಗೆ ಮೊದಲಾದರೂ ಸರಿ, ಆ ದಿನವೇ ಆದರೂ ಸರಿ.

ಆ ದಿನದಿಂದ ನನಗೆ ಎರಡು ಹೆದರಿಕೆ. ಕಾರು ನಿಂತರೆ ನಡುರಸ್ತೆಯಲ್ಲಿ ನಾನಿರುತ್ತೇನೆ. ನಿಲ್ಲದಿದ್ದರೆ ಜೀವನವಿಡೀ ಅದರಲ್ಲಿರುತ್ತೇನೆ. ಹಾಗಾಗಿ ದೇವರ ಮುಂದೆ ದಿನಾ ಎರಡು ಅರ್ಜಿ ಹಾಕುತ್ತಿದ್ದೆ. ಒಂದು, ಕಾರು ನಿಲ್ಲಲಿ. ಇನ್ನೊಂದು, ಈಗ ನಿಲ್ಲುವುದು ಬೇಡ.

ಮೀಟರು

ಅದರಲ್ಲಿ ಕೂತ ಕೂಡಲೇ ನಾನು ತೇರ್ಸ್ ಶುರು ಮಾಡುತ್ತೇನೆ. ತೇರ್ಸ್ ಅಂದರೆ ನಮ್ಮ ಜಪಮಾಲೆಯ ಪ್ರಾರ್ಥನೆ, ಹತ್ತು ಹತ್ತು ಮಣಿಯ ಐದು ಸುತ್ತು. ಕಣ್ಣು ಮುಚ್ಚಿ "ನಮಾನ್ ಮೊರಿಯೆ" ಎಂದು ಹೇಳುತ್ತಾ ಹೋದರೆ ಎದುರಿನ ಬಸ್ಸು ಕಾಣುವುದಿಲ್ಲ.

ಕಾಪುವಿಗೆ ಹೋಗುವಾಗ ಒಮ್ಮೆ ಕಟಕಟ ಶುರುವಾಯಿತು. ಇವರು ಕಾಲು ಸಡಿಲಿಸಿ ನಿಧಾನ ಮಾಡಿದರು, ಕಾರು ಬಚಾವಾಯಿತು. ಆಮೇಲೆ ನನ್ನ ಕಡೆ ತಿರುಗಿ, "ಈಗ ಎಷ್ಟನೆಯ ಸುತ್ತು?" ಎಂದರು.

ಅಬ್ಬಾ, ಇವರಿಗೂ ಭಕ್ತಿ ಬಂತಲ್ಲ ಎಂದು ನನ್ನ ಕಣ್ಣಲ್ಲಿ ನೀರೇ ಬಂತು. "ಎರಡನೆಯದ್ದು" ಎಂದೆ.

"ಒಳ್ಳೆಯದಾಯ್ತು. ನೀನು ಹೇಳುವುದು ಯಾವಾಗಲೂ ಒಂದೇ ವೇಗ. ಎಷ್ಟು ಹೊತ್ತಿಗೆ ಬಿಸಿಯಾಗ್ತದೆ ಎಂದು ಇದರಿಂದಲೇ ಲೆಕ್ಕ ಹಿಡಿಯಬಹುದು. ಐದೂ ಸುತ್ತು ಮುಗಿದರೂ ಸದ್ದು ಬಾರದಿದ್ದರೆ ನಮ್ಮ ಕಾರು ಗೆದ್ದ ಹಾಗೆ."

ನಮ್ಮ ಫಾದರಿಗೆ ಇದನ್ನು ಹೇಳಿ ದುಃಖ ತೋಡಿಕೊಂಡೆ. ಅವರು ಸ್ವಲ್ಪ ಯೋಚಿಸಿ, "ಹೇಗೂ ಪ್ರಾರ್ಥನೆ ಆಗ್ತಾ ಉಂಟಲ್ಲ ಟೀಚರ್. ಅವರಿಗೆ ಲಾರಿ ಒಂದು ತೆಗೆದುಕೊಡಿ, ಇನ್ನೂ ಹೆಚ್ಚು ಆಗಬಹುದು" ಎಂದರು.

ನೂಲು

ಗಾಳಿ ಮೂಗಿನೊಳಗೆ ಹೋಗುತ್ತದೋ, ಹೊರಗಿನಿಂದಲೇ ಜಾರುತ್ತದೋ ನೋಡಬೇಕು ಎಂದು ಇವರು ಒಂದು ದಿನ ನನ್ನ ಉಣ್ಣೆ ನೂಲನ್ನು ತುಂಡು ತುಂಡು ಮಾಡಿ ಬಾನೆಟ್ಟಿನ ತುಂಬ ಅಂಟಿಸಿದರು. ಗಾಳಿ ಹೋದ ಕಡೆ ನೂಲು ವಾಲುತ್ತದಂತೆ.

"ನಾನು ರಸ್ತೆ ನೋಡ್ತೇನೆ, ನೀನು ನೂಲು ನೋಡು. ಇವತ್ತು ಕಣ್ಣು ಮುಚ್ಚಬಾರದು."

ಬೆಳ್ಮಣ್ ರಸ್ತೆ. ಎದುರಿನಿಂದ ಎಕ್ಸ್‌ಪ್ರೆಸ್ ಬಸ್ಸು ನಮ್ಮನ್ನೇ ಹುಡುಕಿಕೊಂಡು ಬರುವ ಹಾಗೆ ಬರುತ್ತಿತ್ತು.

"ಎಂತ ಮಾಡ್ತಾ ಉಂಟು?" ಎಂದರು.

"ನಡುಗ್ತಾ ಉಂಟು."

"ಅದು ನೀನು. ನೂಲು?"

ನೂಲು ಮೂಗಿನವರೆಗೆ ಬಂದು ಅಡ್ಡ ತಿರುಗಿ ಪಕ್ಕಕ್ಕೆ ಹೋಗುತ್ತಿತ್ತು. ಒಳಗೆ ಹೋದ ಸ್ವಲ್ಪ ಗಾಳಿಯೂ ಇಂಟರ್‌ಕೂಲರಿನ ಸುತ್ತ ಇರುವ ಸಂದಿಯಿಂದ ತಪ್ಪಿಸಿಕೊಳ್ಳುತ್ತದೆ ಎಂದು ಇವರು ತೀರ್ಮಾನ ಮಾಡಿದರು.

ಮನೆಗೆ ಬಂದಾಗ ಪಕ್ಕದ ಮನೆಯ ಅಕ್ಕ ಬೇಲಿಯ ಹತ್ತಿರ ಕಾದು ನಿಂತಿದ್ದರು. ಅವರ ಮಗನದ್ದು ರಿಕ್ಷಾ. "ಬಾಯಮ್ಮ, ಈ ನೂಲು ಎಲ್ಲಿಂದ ಕಟ್ಟಿಸಿಕೊಂಡು ಬಂದದ್ದು? ನಮ್ಮ ರಿಕ್ಷಾಕ್ಕೂ ಒಂದೆರಡು ಇದ್ದರೆ ಆಗಿತ್ತು. ಯಾರದ್ದೋ ಕಣ್ಣು ಬಿದ್ದಿದೆ."

ಇದು ಗಾಳಿ ನೋಡುವುದಕ್ಕೆ ಎಂದೆ. ಅವರ ಮುಖ ಬಿಳಿಚಿಕೊಂಡಿತು. "ಗಾಳಿಯಾ! ಅಷ್ಟು ಜೋರುಂಟಾ ನಿಮ್ಮಲ್ಲಿ?" ಎಂದು ಎದೆಗೆ ಕೈ ಇಟ್ಟುಕೊಂಡರು. ದೆವ್ವದ ಗಾಳಿ ಅಲ್ಲ ಅಕ್ಕ ಎಂದು ಎಷ್ಟು ಹೇಳಿದರೂ ಕೇಳದೆ ನಾಲ್ಕು ನೂಲು ಕಿತ್ತುಕೊಂಡೇ ಹೋದರು. ಆಮೇಲೆ ರಿಕ್ಷಾಕ್ಕೆ ಬಾಡಿಗೆ ಒಳ್ಳೆಯದುಂಟಂತೆ. ನಮ್ಮ ಕಾರು ಮಾತ್ರ ಮೊದಲಿನ ಹಾಗೇ ಬಿಸಿಯಾಗುತ್ತಿತ್ತು.

ಹಾಳೆ

ಆ ಸಂದಿ ಮುಚ್ಚಬೇಕು, ಮೂಗಿನಿಂದ ಜಾಲರಿಯವರೆಗೆ ಗಾಳಿಗೆ ಒಂದು ದಾರಿ ಕಟ್ಟಬೇಕು. ತಗಡು ಕತ್ತರಿಸುವ ಮೊದಲು ಅಳತೆ ನೋಡಲು ಇವರು ಆರಿಸಿದ್ದು ಅಡಿಕೆ ಹಾಳೆ! ನೀರಲ್ಲಿ ನೆನೆಸಿ ಬಗ್ಗಿಸಿದರೆ ಹೇಳಿದ ಹಾಗೆ ಕೇಳುತ್ತದೆ ಎಂದರು. ನನಗೆ ಜೀವವೇ ಬಾಯಿಗೆ ಬಂತು. ಇಂಜಿನಿನ ಮೇಲೆ ಹಾಳೆ ಇಡುವವರು ನಾಳೆ ತೆಂಗಿನ ಗರಿಯನ್ನೂ ಇಟ್ಟಾರು. ದೊಡ್ಡ ಕ್ಯಾನಿನಲ್ಲಿ ನೀರು ತುಂಬಿಸಿ ಮಡಿಲಲ್ಲಿ ಇಟ್ಟುಕೊಂಡೇ ಹೊರಟೆ.

ಮಣಿಪಾಲದ ಏರು ಹತ್ತಿ ನಿಲ್ಲಿಸಿದೆವು. ಕಾಲೇಜು ಹುಡುಗರು ಸುತ್ತ ಮುತ್ತಿಕೊಂಡರು. ಇವರು ಹೆಮ್ಮೆಯಿಂದ ಬಾನೆಟ್ ಎತ್ತಿದರು.

"ಅಂಕಲ್, ಇದು ಕಾರ್ಬನ್ ಫೈಬರಾ?" ಎಂದ ಒಬ್ಬ.

"ಅಲ್ಲ ಮಗ, ಬೆಳ್ಮಣ್ಣಿನ ಅಡಿಕೆ ತೋಟದ್ದು."

ಅಷ್ಟರಲ್ಲಿ ನನ್ನ ಮೂಗಿಗೆ ಕರಟಿದ ವಾಸನೆ ಬಡಿಯಿತು. "ಬೆಂಕಿ! ಬೆಂಕಿ!" ಎಂದು ಕೂಗಿ ಕ್ಯಾನನ್ನು ಪೂರ್ತಿ ಸುರಿದೆ. ಕಾರಿನ ಮೇಲೆ ಅರ್ಧ ಬಿತ್ತು, ನಮ್ಮವರ ಮೇಲೆ ಅರ್ಧ. ಹುಡುಗರೆಲ್ಲ ಓಡಿದರು. ಹಾಳೆ ಮಾತ್ರ ಹಾಳೆಯ ಹಾಗೇ ಇತ್ತು. ನಮ್ಮ ಹಿಂದೆ ನೆಲಗಡಲೆ ಹುರಿಯುವವನು ಬಾಣಲೆ ಇಳಿಸಿ ನಿಂತಿದ್ದ. "ಅಕ್ಕ, ಕಾರು ನೋಡ್ತಾ ಇದ್ದೆ, ಕಡಲೆ ಸ್ವಲ್ಪ ಕರಟಿತು" ಎಂದ.

ಅದೇ ಹಾಳೆಯ ಅಳತೆಗೆ ಅಲ್ಯೂಮಿನಿಯಂ ತಗಡು ಬಗ್ಗಿಸಿ, ಅಂಚಿಗೆಲ್ಲ ರಬ್ಬರ್ ಕೊಟ್ಟು, ಮೂಗಿನ ಬಾಯಿಯನ್ನು ಸ್ವಲ್ಪ ಎತ್ತರ ಮಾಡಿ ಕೂರಿಸಿದರು. ಮರುದಿನ ಕಾಪುವಿನ ದಾರಿಯಲ್ಲಿ ಐದೂ ಸುತ್ತು ಮುಗಿಯಿತು. ಸದ್ದೇ ಇಲ್ಲ. ಇವರು ಸಂತೋಷದಿಂದ ಸ್ಟಿಯರಿಂಗಿಗೆ ಮುತ್ತು ಕೊಟ್ಟರು. ಎರಡೂ ಕೈ ಬಿಟ್ಟು ಕೊಟ್ಟರು ಎಂಬುದನ್ನು ನಾನು ಈಗಲೂ ಕ್ಷಮಿಸಿಲ್ಲ.

ಮದುವೆಯ ದಿನ

ಮದುವೆ ಕಾರ್ಕಳದ ಕಡೆ, ಹುಡುಗನ ಊರಿನ ಇಗರ್ಜಿಯಲ್ಲಿ. ಕಾರಿಗೆ ಹೂವಿನ ಅಲಂಕಾರ ಮಾಡುವವನಿಗೆ ಇವರು ಸಾವಿರ ಸಲ ಹೇಳಿದ್ದರು, "ಮೂಗಿನ ಮೇಲೆ ಮಾತ್ರ ಹೂ ಅಂಟಿಸಬೇಡ." ಅವನು ತಲೆ ಆಡಿಸಿದ್ದ. ಹೊರಡುವ ಗಡಿಬಿಡಿಯಲ್ಲಿ ಯಾರೂ ಮುಂದೆ ಹೋಗಿ ನೋಡಲಿಲ್ಲ. ಮಗಳು ಅಪ್ಪನ ಪಕ್ಕ ಕೂತಳು. ಹಿಂದೆ ಬೆಕ್ಕು ಕೂರುವಷ್ಟು ಜಾಗ. ಅಲ್ಲಿ ರೇಷ್ಮೆ ಸೀರೆ ಉಟ್ಟುಕೊಂಡು ನಾನು. ಕೈಯಲ್ಲಿ ಜಪಮಾಲೆ.

ಇವರು ಮಗಳ ಜೊತೆ ಮಾತಾಡುತ್ತಾ ಹೋಗುತ್ತಿದ್ದರು. ಶಾಲೆಗೆ ಬಿಡದ ಎಲ್ಲ ದಿನಗಳ ಮಾತು ಆ ಒಂದು ದಾರಿಯಲ್ಲೇ ಮುಗಿಸುವವರ ಹಾಗೆ. ಹಿಂದಿನಿಂದ ನೋಡಿ ನನಗೆ ಅಳು ಬಂತು. ಬೆಳ್ಮಣ್ ದಾಟಿ ಏರು ಶುರುವಾಯಿತು. ನಾನು ಎರಡನೆಯ ಸುತ್ತಿನಲ್ಲಿದ್ದೆ.

ಕಟಕಟ.

ಇವರಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು. ದೇವರು ನನ್ನ ಹಳೆಯ ಅರ್ಜಿಯನ್ನು ಎಲ್ಲ ದಿನ ಬಿಟ್ಟು ಇವತ್ತೇ ಮಂಜೂರು ಮಾಡಬೇಕಾ! ಇಂಜಿನ್ ಒಡೆದರೆ ಮದುಮಗಳು ಬಸ್ಸಿಗೆ ಕೈ ತೋರಿಸಬೇಕಾದೀತು.

"ನಿಲ್ಲಿಸಿ!" ಎಂದು ಇವರ ಕಿವಿಯಲ್ಲೇ ಕಿರುಚಿದೆ.

ಕಾರು ಬದಿಗೆ ಬಂತು. ಮಗಳನ್ನು ಇಳಿಸಿ, ಸೀಟು ಮಡಚಿ, ಹೇಗೋ ಹೊರಗೆ ಬಿದ್ದು ಮುಂದೆ ಓಡಿ ನೋಡುತ್ತೇನೆ, ಮೂಗಿನ ಬಾಯಿ ತುಂಬ ಬಿಳಿ ಹೂ! ಮೇಲೆ ಬೇಡ ಎಂದದ್ದಕ್ಕೆ ಆ ಪುಣ್ಯಾತ್ಮ ಒದ್ದೆ ಸ್ಪಂಜಿನ ಸಮೇತ ಒಳಗೆ ತುರುಕಿದ್ದ. ಮೂಗಿನ ಬಾಯಿ ಮುಂದಕ್ಕೆ ಇರುವುದರಿಂದ ಒಳಗೆ ಕೂತವರಿಗೆ ಒಂದು ಎಸಳೂ ಕಂಡಿರಲಿಲ್ಲ. ಎರಡೂ ಕೈ ಹಾಕಿ ಎಳೆದೆ. ಸ್ಪಂಜಿನಿಂದ ಹಬೆ ಬರುತ್ತಿತ್ತು, ಹೂವೆಲ್ಲ ಬೆಂದ ಹರಿವೆ ಸೊಪ್ಪು.

ಬಾನೆಟ್ ಎತ್ತಿ ಗಾಳಿಗೆ ಬಿಟ್ಟೆವು. ಇವರು ಬೆವರು ಒರೆಸಿಕೊಂಡರು. ಆಮೇಲೆ ಸಣ್ಣ ದನಿಯಲ್ಲಿ, "ದಾರಿಯಲ್ಲಿ ನಿಂತಿತು. ಕೊಟ್ಟ ಮಾತು ಮಾತೇ. ಮಾರ್ತೇನೆ" ಎಂದರು.

ಮಗಳ ಕಣ್ಣು ತುಂಬಿತು. ಇಷ್ಟು ದಿನ ನಾನು ಕಾದ ಮಾತು ಅದೇ. ಕೇಳಿದ ಕೂಡಲೇ ಯಾಕೋ ನನಗೇ ಅದು ಬೇಡವಾಯಿತು.

"ಕಾರು ಎಲ್ಲಿ ನಿಂತಿತು ಮಾರಾಯ್ರೆ?" ಎಂದೆ. "ನಾನಲ್ವಾ ನಿಲ್ಲಿಸಿದ್ದು! ಹತ್ತಿ, ಫಾದರ್ ಕಾಯ್ತಾ ಇರಬಹುದು."

ಇವರು ನನ್ನನ್ನೊಮ್ಮೆ ನೋಡಿ ಬಾನೆಟ್ ಮುಚ್ಚಿದರು. ಮಗಳು ಬೆಂದ ಹೂವನ್ನು ಕೈಯಲ್ಲಿ ಹಿಡಿದು ನಗುತ್ತಾ ಹತ್ತಿದಳು. ನಾನು ಆ ಬೆಕ್ಕಿನ ಜಾಗಕ್ಕೆ ಮತ್ತೆ ನುಗ್ಗಿ, ಕಣ್ಣು ಮುಚ್ಚಿ, ತೇರ್ಸಿನ ಮೊದಲ ಮಣಿ ಹಿಡಿದೆ. ಆ ದಿನ ದೇವರಿಗೆ ಹಾಕಿದ್ದು ಒಂದೇ ಅರ್ಜಿ.