ಕೊಸರಿಗೆ ಬಂದ ಡ್ರೈವು

ನಮ್ಮ ಸೋದರತ್ತೆಯನ್ನು ಕರೆದೊಯ್ಯಲು ಯಮನೇ ಬಂದರೂ ಬರಿಗೈಲಿ ವಾಪಸು ಹೋಗುವುದು ಖಂಡಿತ! "ನಾನು ಬರಲ್ಲ ಅಂದ್ನಾ? ಬತ್ತೀನಿ. ಆದ್ರೆ ಮೇಲೆ ಕೊಸರು ಎಷ್ಟು ವರ್ಷ ಕೊಡ್ತೀಯ, ಅದನ್ನ ಹೇಳು" ಎಂದು ಅತ್ತೆ ಶುರು ಹಚ್ಚಿಕೊಳ್ಳುತ್ತಾರೆ. ಅವನು ಒಂದು ಅನ್ನುತ್ತಾನೆ, ಇವರು ಹತ್ತು ಅನ್ನುತ್ತಾರೆ. ಕೊನೆಗೆ ಕೋಣಕ್ಕೆ ಮೇವಿನ ಹೊತ್ತಾಯಿತೆಂದು ಅವನೇ ಎದ್ದು ಹೋಗುತ್ತಾನೆ.

ಕೊಸರು ಅಂದರೆ ಗೊತ್ತಲ್ಲ? ತೂಕ ಮುಗಿದ ಮೇಲೆ ಅಂಗಡಿಯವರು ಪುಕ್ಕಟೆಯಾಗಿ ಮೇಲೆ ಹಾಕುವ ಒಂದು ಹಿಡಿ. ಮಲ್ಲೇಶ್ವರದ ಮಾರ್ಕೆಟ್ಟಿನಲ್ಲಿ ಅತ್ತೆಯದು ತರಕಾರಿ ಅಂಗಡಿ. ಅರ್ಧ ಕಿಲೋ ಬೀನ್ಸ್ ಕೊಂಡವರಿಗೂ ಒಂದೆಸಳು ಕರಿಬೇವು, ಎರಡು ಹಸಿಮೆಣಸಿನಕಾಯಿ ಕೇಳದೆಯೇ ಹಾಕುತ್ತಾರೆ. ಹಾಗಾಗಿ ಲೋಕದಲ್ಲಿ ಎಲ್ಲಿ ಏನು ಕೊಂಡರೂ ತಮಗೂ ಸಿಗಬೇಕು! "ನಾನು ದಿನಾ ನೂರು ಜನಕ್ಕೆ ಹಾಕ್ತೀನಿ. ನನಗೊಬ್ರು ಹಾಕಿದ್ರೆ ಅವರಪ್ಪನ ಗಂಟೇನು ಹೋಗ್ತದೆ?" ಇದು ಅವರ ವಾದ. ಸಂಪಿಗೆ ರಸ್ತೆಯ ಹಲ್ಲಿನ ಡಾಕ್ಟರರ ಹತ್ತಿರ ಒಂದು ಹಲ್ಲು ಕೀಳಿಸಲು ಹೋದವರು, ಕಿತ್ತದ್ದಾದ ಮೇಲೆ ಪಕ್ಕದ ಹಲ್ಲನ್ನು ಕೊಸರಿಗೆ ಕೇಳಿದರು.

"ಅಮ್ಮಾ, ಅದು ಗಟ್ಟಿಯಾಗಿದೆ!" ಎಂದು ಡಾಕ್ಟರು ಗಾಬರಿಯಾದರು.

"ಇರ್ಲಿ ತೆಗೀರಿ ಸ್ವಾಮಿ, ಇನ್ನೊಂದು ವರ್ಷಕ್ಕೆ ಅದೂ ಅಲ್ಲಾಡೋದೇ. ಮತ್ತೆ ಯಾರು ಬತ್ತಾರೆ?"

ಇಂಥ ಅತ್ತೆಯ ಮನೆಯಲ್ಲಿ ನಾನು ಒಂದು ವರ್ಷ ಇದ್ದೆ. ಅದಕ್ಕೆ ಕಾರಣ ನನ್ನ ಘನಂದಾರಿ ಓದು. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಬಿ.ಸಿ.ಎ. ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ಫೇಲಾಗಿದ್ದೆ. ಕಾಲೇಜಿನಲ್ಲಿ ಒಂದು ಕಂಪ್ಯೂಟರಿಗೆ ನಾಲ್ವರು, ಮನೆಯಲ್ಲಿ ಕಂಪ್ಯೂಟರೇ ಇಲ್ಲ, ನನ್ನ ಸರದಿ ಬರುವ ಹೊತ್ತಿಗೆ ಕರೆಂಟು ಇಲ್ಲ. ಚಾಮರಾಜಪೇಟೆಯ ಮನೆಯಲ್ಲಿ ಅಪ್ಪ ತೀರ್ಪು ಕೊಟ್ಟೇಬಿಟ್ಟರು. "ಓದಿದ್ದು ಸಾಕು. ಗಂಡು ನೋಡಿದೀನಿ." ಅಂದು ಸೊಪ್ಪಿನ ಕಟ್ಟು ಕೊಡಲು ಬಂದಿದ್ದ ಅತ್ತೆ ಬಾಗಿಲಲ್ಲೇ ನಿಂತು ತಮ್ಮನಿಗೆ ದಬಾಯಿಸಿದರು. "ಇನ್ನೊಂದು ಸಲ ಬರೀಲಿ. ನನ್ನ ಮನೇಲಿರ್ತಾಳೆ. ಆಗಲೂ ಆಗ್ಲಿಲ್ಲ ಅಂದ್ರೆ ನಿನ್ನಿಷ್ಟ, ನಾನು ತುಟಿ ಪಿಟಿಕ್ ಅನ್ನಲ್ಲ." ಅತ್ತೆ ತುಟಿ ಪಿಟಿಕ್ ಅನ್ನದೆ ಇರುವುದೆಂದರೆ ಸಾಮಾನ್ಯವೇ? ಅಪ್ಪ ಆ ಆಸೆಗೇ ಒಪ್ಪಿರಬೇಕು.

ಮುಂದಿನ ವಾರವೇ ಕಂಪ್ಯೂಟರ್ ಕೊಳ್ಳಲು ಅವೆನ್ಯೂ ರಸ್ತೆಯ ಹಿಂದಿನ ಗಲ್ಲಿಯೊಂದಕ್ಕೆ ಹೋದೆವು. ಅಂಗಡಿಯಾತ ಕನ್ನಡಕ ಹಾಕಿದ ಸಾಧು ಮನುಷ್ಯ. ವ್ಯಾಪಾರ ಕುದುರಿದ ಮೇಲೆ ಅತ್ತೆ ಕೊಸರು ಕೇಳಿದರು. ಆತ ಮೌಸಿನ ಕೆಳಗೆ ಹಾಸುವ ಚೌಕ ಕೊಟ್ಟ. ಅತ್ತೆ ಅದನ್ನು ತಿರುವಿ ಮುರುವಿ ನೋಡಿ, "ಇದು ಬಿಸಿ ಪಾತ್ರೆ ಇಡೋಕಾಯ್ತು. ಮಿಷನ್ನಿಗೇನು ಹಾಕ್ತೀರಿ?" ಎಂದರು. ಸಿಪಿಯು ಡಬ್ಬದ ಮುಂದೆ ಸಿ.ಡಿ. ಹಾಕುವ ಡ್ರೈವು ಒಂದಿತ್ತು. ಅದರ ಕೆಳಗೆ ಅಷ್ಟೇ ಅಗಲದ ಇನ್ನೊಂದು ಜಾಗ ಮುಚ್ಚಿತ್ತು. ಅತ್ತೆಯ ಕಣ್ಣು ಅಲ್ಲಿ ನೆಟ್ಟಿತು.

"ಇಲ್ಲೊಂದು ಖಾಲಿ ಐತಲ್ಲ, ಇದಕ್ಕೂ ಒಂದು ಹಾಕಿ."

"ಅಮ್ಮಾ, ಅದು ಸುಮ್ನೆ ಬಿಟ್ಟಿರೋ ಜಾಗ!"

"ಜಾಗ ಬಿಟ್ಟಿರೋದೇ ಹಾಕೋಕೆ ಅಲ್ವಾ?"

ಎರಡು ಗಂಟೆ! ಈ ನಡುವೆ ಬೇರೆ ಗಿರಾಕಿಗಳು ಬಂದರು, ಹೋದರು, ಕೆಲವರು ಅತ್ತೆಯ ಪರ ಮಾತಾಡಿಯೂ ಹೋದರು. ಕೊನೆಗೆ ಆತ ಯಾರೋ ಬದಲಾಯಿಸಿ ಬಿಟ್ಟುಹೋಗಿದ್ದ ಹಳೆಯದೊಂದು ಸಿ.ಡಿ. ರೈಟರ್ ತಂದು, ಅವಸರ ಅವಸರವಾಗಿ ಸ್ಕ್ರೂ ತಿರುಗಿಸಿ ಕೂರಿಸಿದ. ಮೇಲಿನ ಡ್ರೈವು ಸಿ.ಡಿ.ಯನ್ನು ಓದಲಿಕ್ಕೆ, ಇದು ಬರೆಯಲಿಕ್ಕೆ. ಗುಂಡಿ ಒತ್ತಿದರೆ ದೀಪ ಹತ್ತಿತು, ತಟ್ಟೆ ಹೊರಗೆ ಬಂತು, ಒಳಗೆ ಹೋಯಿತು. ಅತ್ತೆ ಗೆದ್ದ ಮುಖದಲ್ಲಿ ಆಟೋ ಹತ್ತಿದರು.

ಮನೆಯಲ್ಲಿ ಕಂಪ್ಯೂಟರಿಗೆ ಉಪಚಾರವೋ ಉಪಚಾರ. ಒಂದು ಮಧ್ಯಾಹ್ನ ನಾನು ಕಾಲೇಜಿನಿಂದ ಬಂದು ನೋಡುತ್ತೇನೆ, ಸಿಪಿಯು ಮೇಲೆ ಒದ್ದೆ ಗೋಣಿಚೀಲ! ಮಾರ್ಕೆಟ್ಟಿನಲ್ಲಿ ಸೊಪ್ಪಿನ ಮೇಲೆ ಹೊದಿಸುತ್ತಾರಲ್ಲ, ಥೇಟ್ ಹಾಗೇ.

"ಅಯ್ಯೋ ಅತ್ತೆ! ಏನಿದು?"

"ಮುಟ್ಟಿ ನೋಡ್ದೆ ಕಣವ್ವ, ಕಾದೋಗಿತ್ತು. ಬಾಡ್ಬಾರ್ದು ಅಂತ ಹಾಕ್ದೆ."

ನಾನು ಅದನ್ನು ಕಿತ್ತೆಸೆದು, ಇನ್ನು ಮುಂದೆ ಅದರ ಹತ್ತಿರ ಸುಳಿಯಬೇಡಿ ಎಂದು ಬೈದೆ. ಅತ್ತೆ ನಕ್ಕರು.

ಪ್ರಾಜೆಕ್ಟು ಮುಗಿಯಿತು. ಆ ಕಾಲದ ಅರ್ಧ ಕ್ಲಾಸಿನಂತೆ ನನ್ನದೂ ಲೈಬ್ರರಿಯ ಪುಸ್ತಕ ಹುಡುಕುವ ಪ್ರೋಗ್ರಾಮು. ಅದನ್ನು ಸಿ.ಡಿ.ಗೆ ಹಾಕಿ ತರಬೇಕು, ಸಿ.ಡಿ. ಇಲ್ಲದವರು ಪರೀಕ್ಷೆಗೆ ಕೂರುವ ಹಾಗಿಲ್ಲ ಎಂದು ನೋಟೀಸು. ಫ್ಲಾಪಿಯಲ್ಲಿ ಅದು ಹಿಡಿಸುವ ಮಾತೇ ಇಲ್ಲ. ನನಗೇನು ಚಿಂತೆ? ಕೊಸರಿನ ರೈಟರ್ ಇದೆಯಲ್ಲ! ಪರೀಕ್ಷೆಗೆ ಎರಡು ದಿನವಿರುವಾಗ ಮೊದಲ ಬಾರಿಗೆ ಅದರ ತಟ್ಟೆಯಲ್ಲಿ ಖಾಲಿ ಸಿ.ಡಿ. ಇಟ್ಟೆ. ಕಂಪ್ಯೂಟರ್ ತೆರೆದು ನೋಡಿದರೆ ಮೇಲಿನ ಡ್ರೈವು ಕಾಣುತ್ತದೆ, ಕೆಳಗಿನದು ಕಾಣುವುದೇ ಇಲ್ಲ. ತಟ್ಟೆ ಬರುತ್ತದೆ, ಹೋಗುತ್ತದೆ, ದೀಪ ಮಿನುಗುತ್ತದೆ. ಆದರೆ ಅಂಥದ್ದೊಂದು ಡ್ರೈವು ತನ್ನ ಮೈಮೇಲಿದೆ ಎನ್ನುವುದೇ ಕಂಪ್ಯೂಟರಿಗೆ ಗೊತ್ತಿಲ್ಲ! ಆಫ್ ಮಾಡಿ ಆನ್ ಮಾಡಿದೆ. ಹನ್ನೊಂದು ಸಲ ಮಾಡಿದೆ. ಪ್ರಾಜೆಕ್ಟಿದ್ದ ಭಾಗ ಬಿಟ್ಟು ವಿಂಡೋಸನ್ನೇ ಅಳಿಸಿ ಮತ್ತೆ ಹಾಕಿದೆ. ಊಹೂಂ. ಗೆಳತಿಯರಿಗೆ ಫೋನ್ ಮಾಡಿದರೆ ಒಬ್ಬೊಬ್ಬಳದು ಒಂದೊಂದು ಸಲಹೆ, ಎಲ್ಲವೂ ಕೊನೆಗೆ ಆಫ್ ಮಾಡಿ ಆನ್ ಮಾಡು ಎನ್ನುವಲ್ಲಿಗೇ ಬರುತ್ತಿದ್ದವು.

ಅಂಗಡಿ ಮುಗಿಸಿ ಬಂದ ಅತ್ತೆ, "ನಾಳೆ ಒಂದು ಗಳಿಗೆ ಬಿಸಿಲಿಗಿಟ್ಟು ನೋಡೋಣ್ವಾ?" ಎಂದರು. ನನಗೆ ತಲೆ ಕೆಟ್ಟುಹೋಯಿತು.

"ನಿಮ್ಮಿಂದಲೇ ಆಗಿದ್ದು! ಒದ್ದೆ ಗೋಣಿ ಹೊದಿಸಿ ನೀರಿಳಿಸಿದ್ರಿ. ಈಗ ನಾನು ಮದುವೆ ಮಾಡ್ಕೊಂಡು ಹೋಗ್ತೀನಿ, ನಿಮ್ಗೆ ಸಮಾಧಾನಾನಾ?"

ಯಮನ ಹತ್ತಿರ ಚೌಕಾಸಿ ಮಾಡುವ ಬಾಯಿ ಮುಚ್ಚಿಹೋಗಿತ್ತು. ಊಟಕ್ಕೆ ಬಡಿಸಿದರು, ತಾವು ತಿನ್ನಲಿಲ್ಲ. ನನಗೂ ತುತ್ತು ಇಳಿಯಲಿಲ್ಲ, ಆದರೆ ತಪ್ಪಾಯಿತು ಎನ್ನಲು ಬಾಯಿಯೂ ಬರಲಿಲ್ಲ.

ಬೆಳಗ್ಗೆ ನೋಡಿದರೆ ಸಿಪಿಯು ತರಕಾರಿ ಬುಟ್ಟಿಯಲ್ಲಿ ಕೂತಿದೆ, ಅತ್ತೆ ಚಪ್ಪಲಿ ಮೆಟ್ಟಿದ್ದಾರೆ. ಮತ್ತೆ ಅದೇ ಗಲ್ಲಿ, ಅದೇ ಅಂಗಡಿ. ಬುಟ್ಟಿ ಕಂಡದ್ದೇ ಕನ್ನಡಕದಾತನ ಮುಖ ಇಷ್ಟಾಯಿತು. ಅತ್ತೆ ಗೋಣಿಚೀಲದ ಕಥೆಯನ್ನು ತಾವಾಗಿಯೇ, ಒಂದಕ್ಷರ ಮುಚ್ಚಿಡದೆ ಹೇಳಿದರು. ಆತನಿಗೆ ಅಷ್ಟೇ ಸಾಕಾಯಿತು.

"ನೀರು ಇಳಿದಿದೆ ಅಮ್ಮ. ಡ್ರೈವು ಹೋಗಿದೆ. ಹೊಸದೇ ಹಾಕ್ಬೇಕು."

"ಬಿಚ್ಚಿ ತೋರ್ಸಿ."

"ಬಿಚ್ಚಿದ್ರೆ ನಿಮ್ಗೇನು ಗೊತ್ತಾಗುತ್ತೆ ಅಮ್ಮ?"

"ನಾನು ಕುಂಬಳಕಾಯಿ ಕೊಯ್ದು ತೋರ್ಸೇ ಮಾರೋದು. ನೀವೂ ಬಿಚ್ಚಿ."

ಆತ ಮುಚ್ಚಳ ತೆಗೆದ. ಒಳಗೆ ವೈರುಗಳ ಕಾಡು. ಅತ್ತೆ ಸೆರಗು ಸಿಕ್ಕಿಸಿ ಬಗ್ಗಿ ನೋಡಿದರು. ಓದುಬರಹ ಅಷ್ಟಕ್ಕಷ್ಟೇ, ಆದರೆ ಕೊತ್ತಂಬರಿ ಕಟ್ಟಿನಲ್ಲಿ ಒಂದು ಕಡ್ಡಿ ಕಡಿಮೆಯಾದರೂ ಹಿಡಿಯುವ ಕಣ್ಣು ಅವು.

"ಮೇಲಿನದಕ್ಕೆ ಬಣ್ಣದ ವೈರು ಹೋಗೈತೆ, ಅಗಲದೊಂದು ಪಟ್ಟಿನೂ ಹೋಗೈತೆ. ಕೆಳಗಿನದಕ್ಕೆ ಬಣ್ಣದ್ದು ಐತೆ. ಪಟ್ಟಿ ಎಲ್ಲಿ?"

ಬಣ್ಣದ ವೈರು ಕರೆಂಟಿನದು, ಅದಕ್ಕೇ ದೀಪ ಹತ್ತುತ್ತಿತ್ತು, ತಟ್ಟೆ ಆಡುತ್ತಿತ್ತು. ಕಂಪ್ಯೂಟರಿನ ಜೊತೆ ಮಾತಾಡಲು ಬೇಕಾದ ಅಗಲದ ಪಟ್ಟಿಯನ್ನು ಆತ ಜೋಡಿಸಿಯೇ ಇರಲಿಲ್ಲ! ಮೂರು ವರ್ಷ ಕಂಪ್ಯೂಟರ್ ಓದಿದ ಜಾಣೆ ನಾನು ಹನ್ನೊಂದು ಸಲ ಆಫ್ ಆನ್ ಮಾಡಿದೆನೇ ಹೊರತು ಒಂದು ಸಲ ಮುಚ್ಚಳ ತೆಗೆದು ನೋಡಿರಲಿಲ್ಲ.

"ಅವತ್ತು ನಿಮ್ಮ ಮಾತಿನ ಭರಾಟೇಲಿ ಮರೆತುಬಿಟ್ಟೆ ಅಮ್ಮ" ಎಂದು ಆತ ನಾಲಗೆ ಕಚ್ಚಿಕೊಂಡ. ಪಟ್ಟಿ ಜೋಡಿಸಿ ಆನ್ ಮಾಡಿದರೆ ಡ್ರೈವು ಪರದೆಯ ಮೇಲೆ ಬಂದು ಕೂತಿತು. ನಾನು ಅಲ್ಲೇ ಕುಣಿಯುವುದೊಂದು ಬಾಕಿ. ಅತ್ತೆ ಮಾತ್ರ ಆತನ ಹಿಂದಿನ ಕಪಾಟು ನೋಡುತ್ತಿದ್ದರು. "ಮರೆತಿದ್ದಕ್ಕೆ ಏನು ಹಾಕ್ತೀರಿ?" ಹತ್ತು ಖಾಲಿ ಸಿ.ಡಿ. ತಗೊಂಡೇ ಅಂಗಡಿ ಬಿಟ್ಟರು. ಗೋಣಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಬೇಕಾದವಳು ನಾನು.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಮೇಷ್ಟ್ರು ನನ್ನ ಸಿ.ಡಿ.ಯನ್ನು ಕಾಲೇಜಿನ ಕಂಪ್ಯೂಟರಿಗೆ ಹಾಕಿದಾಗ ಜೀವ ಬಾಯಿಗೆ ಬಂದಿತ್ತು. ಡ್ರೈವು ಗುರ್ರೆಂದಿತು, ನಿಂತಿತು, ಮತ್ತೆ ಗುರ್ರೆಂದಿತು. ತೆರೆಯಿತು! ಪ್ರಶ್ನೆ ಕೇಳಿದರು, ಉತ್ತರ ಹೇಳಿದೆ. "ಚೆನ್ನಾಗಿ ಮಾಡಿದೀರಿ, ಪಾಸಿನ ಚಿಂತೆ ಬಿಡಿ" ಎಂದು ಅವರೇ ನಕ್ಕು ಕಳಿಸಿದರು.

ಹಾರಿಕೊಂಡು ಹೊರಗೆ ಬಂದರೆ ಕಾಲೇಜಿನ ಗೇಟಿನ ಪಕ್ಕ, ಹೊಂಗೆಮರದ ಕೆಳಗೆ ಅತ್ತೆ! ಜ್ವರ ಬಂದರೂ ಬೆಳಗಿನ ವ್ಯಾಪಾರ ಬಿಡದವರು ಅಲ್ಲಿ ಕಲ್ಲಿನ ಮೇಲೆ ಕೂತಿದ್ದಾರೆ. ಮಡಿಲಲ್ಲಿ ಬುಟ್ಟಿ. ಬುಟ್ಟಿಯಲ್ಲಿ, ಒಣ ಟವಲು ಸುತ್ತಿದ ಸಿಪಿಯು.

"ಓದ್ತಾ ಕಣವ್ವ, ಅವರ ಮಿಷನ್ನು?"

"ಓದ್ತು ಅತ್ತೆ. ಪಾಸಾದ ಹಾಗೇನೇ. ಇದನ್ನ ಯಾಕೆ ಹೊತ್ಕೊಂಡು ಬಂದ್ರಿ?"

"ಓದದೆ ಹೋಗಿದ್ರೆ? ನಮ್ಮನೇದು ಓದ್ತದೆ, ಇದ್ರಲ್ಲೇ ನೋಡ್ಕಳಿ ಅಂತ ಮೇಷ್ಟ್ರ ಮುಂದೆ ಇಟ್ಬಿಡ್ತಿದ್ದೆ."

ನನಗೆ ನಗು ತಡೆಯಲಾಗಲಿಲ್ಲ. "ಅಂಗಡಿ ಮುಚ್ಚಿ ಬರೋ ಅಂಥದ್ದೇನಿತ್ತು ಅತ್ತೆ?"

ಅತ್ತೆ ಟವಲಿನ ಅಂಚು ಸರಿಮಾಡಿದರು. "ನನ್ನ ಮೂರನೇ ಕ್ಲಾಸಿಗೆ ಬಿಡಿಸಿದ್ರು. ಅವತ್ತು ನಮ್ಮ ಮೇಷ್ಟ್ರು ಸ್ಕೂಲಿನ ಗೇಟಿನ ತನಕ ಬಂದು ನಿಂತ್ಕಂಡಿದ್ರು. ಮನೆಯವರು ಒಬ್ರಾದ್ರೂ ಬಂದು, ಓದ್ಲಿ ಬಿಡಿ ಅಂದಿದ್ರೆ ಒಳಕ್ಕೆ ಕರ್ಕತಿದ್ರು. ಯಾರೂ ಬರ್ಲಿಲ್ಲ. ನಿನಗೊಬ್ರು ಇರ್ಲಿ ಅಂತ ಬಂದೆ."

ತಪ್ಪಾಯಿತು ಅತ್ತೆ, ಅವತ್ತು ಹಾಗೆ ಅನ್ನಬಾರದಿತ್ತು ಎಂದು ಹೇಳಲು ಹೊರಟವಳು ಬುಟ್ಟಿಯನ್ನು ಎತ್ತಿ ಪಕ್ಕಕ್ಕಿಟ್ಟೆ. ಅದು ಕೂತಿದ್ದ ಮಡಿಲಲ್ಲಿ ತಲೆಯಿಟ್ಟು, ಕಾಲೇಜಿಗೆ ಕಾಲೇಜೇ ನೋಡುತ್ತಿದ್ದರೂ, ಜೋರಾಗಿ ಅತ್ತುಬಿಟ್ಟೆ.