ನಡುಮನೆಗೆ ಬಂದ ಪ್ರಕೃತಿ

ಬ್ರಹ್ಮ ಈ ಲೋಕವನ್ನು ಸೃಷ್ಟಿಸುವಾಗ ಎಲ್ಲೆಲ್ಲಿ ಎಡವಿದ್ದಾನೆ ಎಂದು ತಿಳಿಯಬೇಕಾದರೆ ನೀವು ತಮಿಳು ಸೀಮೆಯ ಕೊಳತ್ತೂರಿಗೆ ಹೋಗಿ ನಮ್ಮ ಮಾವನನ್ನು ಕೇಳಬೇಕು. ಪಟ್ಟಿ ನಾಲಿಗೆಯ ತುದಿಯಲ್ಲೇ ಇದೆ! ಮಾವ ಎಂದರೆ ನಮ್ಮಮ್ಮನ ತಮ್ಮ. ನಲವತ್ತು ವರ್ಷ ಮೆಟ್ಟೂರಿನಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಒಂದು ಪಟ್ಟರೆಯಲ್ಲಿ, ಅದೇ ವರ್ಕ್‌ಶಾಪಿನಲ್ಲಿ, ಪೈಂಟರ್ ಆಗಿದ್ದವನು. ಲಾರಿಯ ಹಿಂದಿನ ಹಲಗೆಯ ಮೇಲೆ ಅವನು ಬರೆದ ಪ್ರಕೃತಿ ಕಾಶ್ಮೀರದವರೆಗೂ ಹೋಗಿ ಬಂದಿದೆ. ಪ್ರಕೃತಿ ಎಂದರೆ ಹೆಚ್ಚೇನಿಲ್ಲ. ಎರಡು ಬೆಟ್ಟ, ನಡುವೆ ಸೂರ್ಯ, ಸೂರ್ಯನ ಬುಡದಿಂದಲೇ ಹೊರಟ ಒಂದು ನದಿ, ದಡದಲ್ಲಿ ಸೊಂಟ ಬಗ್ಗಿಸಿದ ಒಂದು ತೆಂಗಿನಮರ, ಮೂಲೆಯಲ್ಲಿ ಜಾಗ ಉಳಿದರೆ ಒಂದು ಚಿಟ್ಟೆಯೋ ನವಿಲೋ. ಇಷ್ಟರಲ್ಲಿ ಅಡಗದ ಯಾವುದನ್ನೂ ಮಾವ ಪ್ರಕೃತಿ ಎಂದು ಒಪ್ಪುತ್ತಿರಲಿಲ್ಲ.

ಒಮ್ಮೆ ಮೆಟ್ಟೂರು ಅಣೆಕಟ್ಟಿನ ಹಿನ್ನೀರಿನ ಹತ್ತಿರ ನಾವಿಬ್ಬರೂ ನಿಂತಿದ್ದೆವು. ಸೂರ್ಯ ಮುಳುಗುತ್ತಿದ್ದ. ಆಕಾಶವೆಲ್ಲ ಕೆಂಪಾಗಿತ್ತು, ನೀರೆಲ್ಲ ಹೊಳೆಯುತ್ತಿತ್ತು. ಮಾವ ಕಣ್ಣು ಕಿರಿದು ಮಾಡಿ ನೋಡಿದ.

"ಕಿತ್ತಳೆ ಜಾಸ್ತಿ ಆಗೋಯ್ತು ಕಣ್ಲಾ ಅಳಿಯಾ. ಬಣ್ಣಕ್ಕೆ ತಿನ್ನರ್ ಸರ್ಯಾಗಿ ಕಲಸಿಲ್ಲ."

"ಯಾರು ಮಾವಾ?"

"ಇನ್ಯಾರು? ಮೇಲಿರೋನು! ನಮ್ಮ ಪಟ್ಟರೆನಾಗೆ ಇಂಗೆ ಮಾಡಿದ್ರೆ ಮೇಸ್ತ್ರಿ ಓಡಿಸ್ಬುಡೋನು."

ಹೀಗೆ ದೇವರಿಗೇ ಪಾಠ ಹೇಳುತ್ತಿದ್ದವನ ಕೆಲಸಕ್ಕೆ ಕಲ್ಲು ಹಾಕಿದ್ದು ಸ್ಟಿಕರ್! ಈಗಿನ ಲಾರಿಗಳಿಗೆ ಪೈಂಟು ಯಾರಿಗೆ ಬೇಕು? ಕಂಪ್ಯೂಟರಿನಲ್ಲಿ ಹುಲಿ ಬೇಕೆಂದರೆ ಹುಲಿ, ಹದ್ದು ಬೇಕೆಂದರೆ ಹದ್ದು, ಅಂಟಿಸಿ ಕೈ ಒರೆಸಿಕೊಂಡರೆ ಮುಗಿಯಿತು. ಮಾವ ಡಬ್ಬ, ಬ್ರಷ್ಷು ಕಟ್ಟಿಕೊಂಡು ಮನೆಗೆ ಬಂದ. ಬಂದವನು ಸುಮ್ಮನಿದ್ದನೇ? ಅತ್ತೆಯ ಮೊರದ ಮೇಲೆ ಸೂರ್ಯೋದಯ. ನೀರಿನ ಡ್ರಮ್ಮಿನ ಮೇಲೆ ಸೂರ್ಯೋದಯ. ಕೊನೆಗೆ ಗ್ಯಾಸ್ ಸಿಲಿಂಡರ್ ಮೇಲೂ ಸೂರ್ಯೋದಯ! ಹೊಸದನ್ನು ಕೊಟ್ಟು ಖಾಲಿಯದನ್ನು ಒಯ್ಯಲು ಬಂದವನು ಅದನ್ನು ಕಂಡು ತಬ್ಬಿಬ್ಬಾದ. "ಅಯ್ಯಾ, ಇದ ಎತ್ಕೊಂಡೋದ್ರೆ ಆಫೀಸ್ನಲ್ಲಿ ನನ್ನ ಕೇಳ್ತಾರೆ" ಎಂದು ಗೋಗರೆದ. "ಕೇಳಿದ್ರೆ ನನ್ನ ಎಸ್ರು ಏಳು" ಎಂದ ಮಾವ. ಈಗ ಆ ಸೂರ್ಯ ಯಾರ ಅಡುಗೆಮನೆಯಲ್ಲಿ ಹುಟ್ಟುತ್ತಿದ್ದಾನೋ, ಆ ದೇವರೇ ಬಲ್ಲ.

ಇಷ್ಟು ಗದ್ದಲದ ಮನೆಯಲ್ಲಿ ಒಂದು ಕೋಣೆಯ ಬಾಗಿಲು ಮಾತ್ರ ಒಳಗಿನಿಂದ ಚಿಲಕ ಹಾಕಿಕೊಂಡಿರುತ್ತಿತ್ತು. ಅದು ಮಾವನ ಮೊಮ್ಮಗಳದು, ಮಗಳ ಮಗಳು. ಚಿಕ್ಕಂದಿನಿಂದ ಅಜ್ಜನ ಮನೆಯಲ್ಲೇ ಇದ್ದು ಓದಿದವಳು. ಡಾಕ್ಟರಾಗಬೇಕೆಂದು ಎರಡು ಸಲ ಪ್ರವೇಶ ಪರೀಕ್ಷೆ ಬರೆದಳು, ಎರಡು ಸಲವೂ ದಕ್ಕಲಿಲ್ಲ. ಅದನ್ನಾದರೂ ಮರೆಯುತ್ತಿದ್ದಳೇನೋ, ನಮ್ಮ ಜನ ಬಿಡಬೇಕಲ್ಲ! ನಮ್ಮ ಕಡೆ ಮನೆಗೆ ಬಂದವರು ನೀರು ಕುಡಿಯುವುದಕ್ಕೂ ಮೊದಲು ಕೇಳುವ ಮಾತು ಒಂದೇ: "ಮಾರ್ಕ್ ಎವ್ವಳವು?" ಎಷ್ಟು ಮಾರ್ಕು, ಎಷ್ಟು ಮಾರ್ಕು ಎಂದು ಕೇಳಿ ಕೇಳಿ ಆ ಹುಡುಗಿ ಮೊದಲು ಬೀದಿ ಬಿಟ್ಟಳು, ಆಮೇಲೆ ಜಗಲಿ ಬಿಟ್ಟಳು, ಕೊನೆಗೆ ನಡುಮನೆಯನ್ನೂ ಬಿಟ್ಟಳು. ಬಾಗಿಲು ತಟ್ಟಿದರೆ ಒಳಗಿನಿಂದ "ಊಂ" ಎಂಬ ಒಂದಕ್ಷರ. ಅತ್ತೆ ತಟ್ಟೆಯನ್ನು ಹೊಸ್ತಿಲ ಬಳಿ ಇಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು ಹೋಗುತ್ತಿದ್ದಳು. ಒಂಬತ್ತು ತಿಂಗಳು ಹೀಗೇ ಕಳೆಯಿತು.

ಒಂದು ದಿನ ಮಾವ ಸೇಲಂನಲ್ಲಿದ್ದ ನನಗೆ ಫೋನ್ ಮಾಡಿದ. "ಅಳಿಯಾ, ಮನೆನಾಗೆ ಎಕ್ಸಿಬಿಷನ್ ಮಡಗ್ತಾ ಇವ್ನಿ. ಗ್ರೂಪ್ ಎಕ್ಸಿಬಿಷನ್. ಎಲ್ಲಾ ಬರೀ ಪ್ರಕೃತಿ."

"ಮನೆಯಲ್ಲಿ ಯಾಕೆ ಮಾವಾ? ಯಾವುದಾದರೂ ಮಂಟಪ ಹಿಡಿಯಬಹುದಲ್ಲ?"

"ಮಂಟಪಕ್ಕೆ ಅವ್ಳು ಬತ್ತಾಳೇನ್ಲಾ? ಅವ್ಳು ಮನೆ ಬುಟ್ಟು ಈಚೆಗೆ ಬರಕಿಲ್ಲ. ಅದುಕ್ಕೇ ಈಚೆಗಿರೋದ್ನೆಲ್ಲ ಮನೆಯೊಳಕ್ಕೆ ತತ್ತೀನಿ."

ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಸರಿ ಎಂದೆ.

ಗ್ರೂಪ್ ಎಂದರೆ ಯಾರು ಯಾರು ಎಂದುಕೊಂಡಿರಿ? ಮೂವರು! ಒಬ್ಬ ಮಾವ. ಇನ್ನೊಬ್ಬ ಅವನ ಗೆಳೆಯ, ಸಲೂನಿನವನು. ಅವನಿಗೆ ಬರೆಯಲು ಬರುತ್ತಿದ್ದದ್ದು ಕಾಗೆ ಒಂದೇ, ಅದನ್ನೂ ತಲೆಗೆ ಹಚ್ಚುವ ಕಪ್ಪು ಡೈಯಲ್ಲೇ ಬರೆಯುತ್ತಿದ್ದ. ನೂರು ವರ್ಷವಾದರೂ ನರೆಯದ ಕಾಗೆ ಎಂದು ಹೆಮ್ಮೆ ಬೇರೆ. ಮೂರನೆಯವಳು ಬೀದಿಯಲ್ಲಿ ಮೀನು ಮಾರುವ ಅಕ್ಕ. ಅವಳ ಮೀನುಗಳು ನಿಜಕ್ಕೂ ಚೆನ್ನಾಗಿದ್ದವು. ಆದರೆ ಒಂದೊಂದು ಮೀನೂ ಈಜುತ್ತಿರುವಾಗಲೇ ಕೆನ್ನೆಯ ಮುಚ್ಚಳ ಎತ್ತಿ ಒಳಗಿನ ಕೆಂಪು ಕಿವಿರನ್ನು ತೋರಿಸುತ್ತಿತ್ತು! ಯಾಕಕ್ಕಾ ಎಂದರೆ, "ಕಿವಿರು ತೋರಿಸ್ದೆ ಓದ್ರೆ ಪಳಸು, ಕೆಟ್ಟೋದ್ ಮೀನು ಅಂತಾರೆ ಸಾಮಿ" ಎಂದಳು. ಹೌದಲ್ಲ! ಕಿವಿರು ನೋಡದೆ ಮೀನು ಕೊಂಡವರು ನಮ್ಮ ಕಡೆ ಯಾರಿದ್ದಾರೆ?

ಇಷ್ಟೂ ಸರಿಯಾಗಿತ್ತು. ಕೆಟ್ಟದ್ದು ಆಹ್ವಾನ ಪತ್ರಿಕೆಯಲ್ಲಿ. ಮಾವ ಮದುವೆ ಪತ್ರಿಕೆ ಅಚ್ಚು ಹಾಕುವವನ ಬಳಿಯೇ ಹೋಗಿ, ಮೇಲೆ ಗಣಪತಿ ಇರುವ, ಬಂಗಾರದ ಅಂಚಿನ ಕಾರ್ಡನ್ನು ಆರಿಸಿದ. "ಇಯರ್ಕೈ ಓವಿಯ ಕಣ್‌ಕಾಟ್ಚಿ", ಅಂದರೆ ಪ್ರಕೃತಿ ಚಿತ್ರಗಳ ಪ್ರದರ್ಶನ, ಎಂದು ತಮಿಳಿನಲ್ಲಿ ಅಚ್ಚೇನೋ ಆಯಿತು, ಸಣ್ಣ ಅಕ್ಷರದಲ್ಲಿ. ಆಮೇಲೆ ಸುಮ್ಮನೆ ಕೊಟ್ಟರೆ ಮರ್ಯಾದೆಯಲ್ಲ ಎಂದು ಪ್ರತಿ ಕಾರ್ಡಿನ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿ, ಮನೆಮನೆಗೂ ಎಲೆ ಅಡಿಕೆ ಇಟ್ಟು ಕರೆದು ಬಂದ. ಅರಿಶಿನ ಕಂಡ ಮೇಲೆ ಅಕ್ಷರ ಓದುವವರು ನಮ್ಮಲ್ಲಿ ಯಾರು ಸ್ವಾಮಿ?

ಭಾನುವಾರ ಬೆಳಿಗ್ಗೆ ನಾನು ಹೋಗಿ ಇಳಿಯುವಾಗ ಬೀದಿಯ ತುಂಬ ಪಟ್ಟೆ ಸೀರೆ! ಅದಿಯಮಾನ್‌ಕೋಟೆಯ ನೆಂಟರು ವ್ಯಾನು ಮಾಡಿಕೊಂಡು ಬಂದಿದ್ದರು. ಒಬ್ಬೊಬ್ಬರ ಕೈಯಲ್ಲೂ ಶುಭಕಾರ್ಯಕ್ಕೆ ಉಡುಗೊರೆ ತರುವ ಸೀರು ತಟ್ಟೆ. ಬಾಳೆಗೊನೆ, ತೆಂಗಿನಕಾಯಿ, ಹಲಸು, ಮಲ್ಲಿಗೆ, ಬಳೆ, ರವಿಕೆ ಬಟ್ಟೆ. ಮುಂದಾಳು ನಮ್ಮ ದೊಡ್ಡತ್ತೆ, ಅತ್ತೆಯ ದೊಡ್ಡಕ್ಕ. ಒಳಗೆ ಕಾಲಿಟ್ಟವಳೇ ಬಾಯಿ ತುಂಬ ಕೇಳಿದಳು:

"ಎಲ್ಲಿ ಉಡುಗಿ? ಗಂಡು ಯಾವೂರು? ನಿಶ್ಚಿತಾರ್ಥ ಅಂತ ಒಂದು ಸೊಲ್ಲು ಮೊದ್ಲೇ ಏಳಬಾರ್ದಾ?"

ಒಳಗಿನ ಕೋಣೆಯಲ್ಲಿ ಎರಡನೆಯ ಚಿಲಕ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಅತ್ತೆ ಮಾವನನ್ನು ನೋಡಿದ ನೋಟಕ್ಕೆ ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಬೂದಿಯಾಗುತ್ತಿದ್ದರು. ಹೊರಗೆ ಬರಲಿ ಎಂದು ಮಾಡಿದ ಏರ್ಪಾಡೇ ಅವಳನ್ನು ಇನ್ನಷ್ಟು ಒಳಕ್ಕೆ ತಳ್ಳಿತಲ್ಲ!

ಮಾವ ಮಾತ್ರ ಜಗ್ಗಲಿಲ್ಲ. ತಟ್ಟೆಗಳನ್ನೆಲ್ಲ ಇಸಿದುಕೊಂಡು ಒಂದೊಂದು ಚಿತ್ರದ ಕೆಳಗೆ ಒಂದೊಂದನ್ನು ಸಾಲಾಗಿ ಇಟ್ಟ. "ಇದೂ ಪ್ರಕೃತಿನೇ. ಕುಂತ್ಕೊಳ್ಳಿ, ಇಡ್ಲಿ ಐತೆ" ಎಂದ. ಇಡ್ಲಿ ಎಂದ ಮೇಲೆ ಮದುವೆಯಾದರೇನು, ಚಿತ್ರವಾದರೇನು? ಜನ ತಿಂದು, ಕೈ ತೊಳೆದು, ಗೋಡೆ ನೋಡತೊಡಗಿದರು. ಮೀನಿನ ಮುಂದೆ ಗುಂಪೋ ಗುಂಪು. ಕಾಗೆಯ ಮುಂದೆ ಒಬ್ಬಳು ಅಜ್ಜಿ ತನ್ನ ತೀರಿಹೋದ ಗಂಡನನ್ನು ನೆನೆದು ಒಂದು ತುಂಡು ಇಡ್ಲಿಯನ್ನೇ ಇಟ್ಟುಬಿಟ್ಟಳು.

ಮಾವ ತನ್ನ ದೊಡ್ಡ ಚಿತ್ರದ ಬಳಿ ಕೋಲು ಹಿಡಿದು ನಿಂತಿದ್ದ. ಎಕ್ಕದ ಗಿಡದ ಮೇಲೆ ಒಂದು ಕಿತ್ತಳೆ ಚಿಟ್ಟೆ, ಬಾಗಿಲಿನಷ್ಟು ದೊಡ್ಡದು.

"ಪಟ್ಟಾಂಪೂಚ್ಚಿ. ಎರಡು ರೆಕ್ಕೆ ಈ ಕಡೆ, ಎರಡು ಆ ಕಡೆ. ನಾಕು ಕಾಲು."

"ನಾಕೇನಾ?" ಎಂದಳು ದೊಡ್ಡತ್ತೆ.

"ಮತ್ತೆ? ಅಸೂಗೆ ನಾಕು, ನಾಯಿಗೆ ನಾಕು. ಇದುಕ್ಕೆ ಮಾತ್ರ ಜಾಸ್ತಿ ಯಾಕೆ?"

ನ್ಯಾಯವೇ ಎಂದು ನಡುಮನೆಯೆಲ್ಲ ತಲೆದೂಗಿತು. ಆಗ ಮುಚ್ಚಿದ ಬಾಗಿಲ ಹಿಂದಿನಿಂದ ಒಂದು ದನಿ ಬಂತು.

"ಆರು!"

ಎಲ್ಲರೂ ತಿರುಗಿದರು. "ತಾತಾ, ಪೂಚ್ಚಿ, ಕೀಟಕ್ಕೆಲ್ಲ ಆರು ಕಾಲು!"

ಮಾವನಿಗೆ ಸಿಟ್ಟು ಬಂತು. "ಏನಮ್ಮೀ ಆರು? ಪಟ್ಟರೆ ಇಂದ್ಗಡೆ ಎಕ್ಕದ ಗಿಡದಾಗೆ ದಿನಾ ನೋಡಿವ್ನಿ. ಎಣಿಸಿ ಬರ್ದಿರೋದು. ನಾಕೇ!"

"ಇಲ್ಲ ತಾತಾ, ಆರು!"

"ನಾಕು!"

ಒಂದು ಚಿಲಕ ಸರಿಯಿತು. ಆಮೇಲೆ ಇನ್ನೊಂದು. ತಲೆ ಬಾಚಿರಲಿಲ್ಲ, ಹಳೆಯ ನೈಟಿ, ಕೈಯಲ್ಲಿ ಪ್ಲಸ್ ಟೂ ಪ್ರಾಣಿಶಾಸ್ತ್ರದ ಪುಸ್ತಕ. ದುರ್ದಾನ ತೆಗೆದುಕೊಂಡವಳಂತೆ ದುಡುದುಡು ಬಂದು ಚಿತ್ರದ ಮುಂದೆ ನಿಂತಳು. ದೊಡ್ಡತ್ತೆಗೆ ಹಳೆಯ ಚಾಳಿ ಎಲ್ಲಿ ಹೋಗುತ್ತದೆ? "ಏನವ್ವಾ, ಮಾರ್ಕ್..." ಎಂದು ಬಾಯಿ ತೆರೆದಳು. ಮೀನಿನ ಅಕ್ಕ ಥಟ್ಟನೆ ಸುಲಿದ ಬಾಳೆಹಣ್ಣೊಂದನ್ನು ಆ ತೆರೆದ ಬಾಯಿಗೇ ಇಟ್ಟು, "ಮೊದ್ಲು ಇದ ತಿನ್ನಕ್ಕಾ" ಎಂದಳು. ಆ ಅಕ್ಕನ ಕಾಲಿಗೆ ಬೀಳೋಣ ಅನ್ನಿಸಿತು ನನಗೆ.

ಹುಡುಗಿ ಚಿತ್ರವನ್ನೇ ನೋಡುತ್ತಿದ್ದಳು. ದನಿ ಸಣ್ಣಗಾಯಿತು.

"ತಾತಾ, ನೀನು ನೋಡಿದ್ದು ಈ ಕಿತ್ತಳೆ ಬಣ್ಣದ್ದೇನಾ? ಎಕ್ಕದ ಗಿಡದ ಮೇಲೇನಾ?"

"ಊಂ ಮತ್ತೆ."

"ಅಂಗಾದ್ರೆ ನೀನು ಎಣಿಸಿದ್ದೂ ಕರೆಕ್ಟೇ. ಈ ಜಾತಿಗೆ ಮುಂದ್ಗಡೆ ಎರಡು ಕಾಲು ರೊಂಬ ಸಣ್ಣವು. ಎದೆಗೆ ಮಡಚ್ಕೊಂಡಿರ್ತೈತೆ, ಅದ್ರ ಮೇಲೆ ನಿಂತ್ಕೊಳಲ್ಲ. ಅದುಕ್ಕೇ ಕಾಣಕಿಲ್ಲ. ಇಲ್ಲ ಅಂತ ಅಲ್ಲ."

ಹೀಗೆಂದು ಸಲೂನಿನವನ ಕೈಯಿಂದ ಡೈ ಬ್ರಷ್ಷು ಕಿತ್ತುಕೊಂಡು, ಚಿಟ್ಟೆಯ ಎದೆಯ ಬಳಿ ಎರಡು ಸಣ್ಣ ಕಾಲು ಬರೆದಳು. ಅಲ್ಲಿಗೆ ಶುರುವಾಯಿತು ನೋಡಿ! ಏಡಿ ಯಾಕೆ ಅಡ್ಡ ನಡೆಯುತ್ತದೆ, ಹಲ್ಲಿಯ ಬಾಲ ಹೇಗೆ ಮತ್ತೆ ಬೆಳೆಯುತ್ತದೆ, ಮೀನು ನಿದ್ದೆ ಮಾಡುತ್ತದೆಯೇ ಎಂದು ಜನ ಅವಳನ್ನು ಸುತ್ತಿಕೊಂಡರು. ಅವಳು ಅರ್ಧ ತಮಿಳಿನಲ್ಲಿ ಅರ್ಧ ಕನ್ನಡದಲ್ಲಿ ಹೇಳಿದ್ದೇ ಹೇಳಿದ್ದು. ಬಾಳೆಹಣ್ಣು ನುಂಗಿದ ಮೇಲೆ ದೊಡ್ಡತ್ತೆ ಕೂಡ ಕೇಳಿದ್ದು ಜಿರಳೆಯ ವಿಷಯವನ್ನೇ.

ಈ ಸಡಗರದಲ್ಲಿ ಮಾವ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು, ಆಗಲೇ ತೊಳೆದಿದ್ದ ಬ್ರಷ್ಷನ್ನು ಮತ್ತೆ ಮತ್ತೆ ತೊಳೆಯುತ್ತಿದ್ದ.

"ಮಾವಾ, ನಿಜ ಏಳು. ಅವ್ಳು ಈಚೆಗೆ ಬರ್ಲಿ ಅಂತ ಬೇಕಂತಾನೇ ತಪ್ಪು ಬರ್ದೆಯಾ?"

"ಥೂ ನಿನ್ನ! ಬೇಕಂತ ಯಾವನಾದ್ರೂ ತಪ್ಪು ಬರೀತಾನೇನ್ಲಾ? ನಲ್ವತ್ತು ವರ್ಸ ನಾಕು ಕಾಲಲ್ಲೇ ಬರ್ದಿವ್ನಿ. ಅಷ್ಟು ಲಾರಿ ಓಡಾಡ್ತು, ಒಬ್ನೂ ಏಳ್ಲಿಲ್ಲ." ಬ್ರಷ್ಷು ಕೆಳಗಿಟ್ಟ. "ಒಂಬತ್ತು ತಿಂಗ್ಳಾಯ್ತು ಅಳಿಯಾ, ಅವ್ಳು ನನ್ನತ್ರ ಜಗಳ ಆಡಿ."

ನನಗೆ ಕಣ್ಣು ತುಂಬಿ ಬಂತು. ಕಲ್ಲಿನ ತುದಿಯಲ್ಲಿ ಅವನ ಪಕ್ಕ ಕುಳಿತೆ. ಅಷ್ಟರಲ್ಲಿ ನಡುಮನೆಯಿಂದ ಕೂಗು ಬಂತು, ಬೀದಿಗೆಲ್ಲ ಕೇಳುವಷ್ಟು ಜೋರಾಗಿ:

"ತಾತಾ! ಈ ನವಿಲು ಬರ್ದಿದ್ದು ಯಾರು? ಬಾ ಇಲ್ಲಿ!"

ಮಾವ ಲುಂಗಿಯ ಅಂಚಿನಿಂದ ಮುಖ ಒರೆಸಿಕೊಂಡು, "ಬಂದೆ ತಾಯೀ, ನಾನೇ, ನಾನೇ ಬರ್ದಿದ್ದು!" ಎನ್ನುತ್ತ ಓಡಿದ. ತನ್ನ ತಪ್ಪು ಸಿಕ್ಕಿಬಿತ್ತೆಂದು ಅಷ್ಟು ಸಂತೋಷದಿಂದ ಓಡಿದ ಇನ್ನೊಬ್ಬ ಕಲಾವಿದನನ್ನು ನಾನು ಕಂಡಿಲ್ಲ.