ಕಪ್ಪತಗುಡ್ಡಕ್ಕೆ ಕಾಫಿ ಚೀಲ

ಪ್ರಭುಲಿಂಗ: ಮುಟ್ಟಬ್ಯಾಡ ಅದನ್ನ. ಇನ್ನೂ ಇಳ್ಯಾಕತ್ತೈತಿ.

ಬನಶಂಕರಿ: ಏನು ಇಳ್ಯಾಕತ್ತೈತ್ರಿ? ನಾ ಒಳಗ ಆರು ರೊಟ್ಟಿ ಬಡದು ಬಂದ್ನಿ. ನೀರು ಇಟ್ಟಾಗ ಹೆಂಗಿತ್ತೋ ಹಂಗ ಐತಿ. ಕಪ್ಪಿನ ತಳದಾಗಿನ ಹೂವು ಸುದ್ದಾ ಕಾಣತೈತಿ.

ಪ್ರಭುಲಿಂಗ: ಒಳ್ಳೆ ಕಾಫಿ ಅವಸರ ಮಾಡಂಗಿಲ್ಲ.

ಬನಶಂಕರಿ: ನಾಳೆ ಗುಡ್ಡದ ಮ್ಯಾಲ ಮಂದಿ ಕಪ್ಪು ಹಿಡಕೊಂಡು ನಿಂತಾಗ ಅವರಿಗೂ ಹಿಂಗ ಹೇಳ್ರಿ. ಬರೋ ಅಮಾಸಿಗೆ ಇಳೀತೈತಿ, ಅಲ್ಲೀತನಕ ಸುಮ್ಮನ ಕುಂಡ್ರಿ ಅಂತ.

ಬೆಟಗೇರಿಯ ನೇಕಾರ ಓಣಿಯ ಆ ಪಡಸಾಲೆಯಲ್ಲಿ ಮಗ್ಗದ ಪಕ್ಕಕ್ಕೊಂದು ಸ್ಟೂಲು. ಸ್ಟೂಲಿನ ಮೇಲೆ ಕಪ್ಪು, ಕಪ್ಪಿನೊಳಗೆ ಬಿಸಿನೀರು, ನೀರಿನೊಳಗೆ ಹೆಬ್ಬೆರಳಷ್ಟು ಬಟ್ಟೆಯ ಚೀಲ, ಚೀಲದೊಳಗೆ ಕಾಫಿಪುಡಿ. ಗಂಡಹೆಂಡಿರಿಬ್ಬರೂ ಬಗ್ಗಿ, ಕೂಸಿಗೆ ಜ್ವರ ಬಂದಾಗ ನೋಡುವ ಹಾಗೆ ಅದನ್ನೇ ನೋಡುತ್ತಿದ್ದರು.

ಸಂಗತಿ ಇಷ್ಟು. ಸ್ಟುಡಿಯೋ ಇಟ್ಟುಕೊಂಡ ತೌಹೀದ ಹತ್ತು ಮಂದಿಯ ತಂಡ ಕಟ್ಟಿದ್ದ. ಬೆನ್ನಿಗೆ ಗಂಟುಮೂಟೆ ಏರಿಸಿಕೊಂಡು ಎರಡು ದಿನ ಕಪ್ಪತಗುಡ್ಡ ಸುತ್ತುವುದು. ಗುಡ್ಡದಲ್ಲಿ ಬೆಂಕಿ ಹಚ್ಚುವಂತಿಲ್ಲ, ಹಾಲು ಒಯ್ದರೆ ಕೆಡುತ್ತದೆ. ಹೀಗಾಗಿ ಥರ್ಮಾಸಿನ ಬಿಸಿನೀರಿನಲ್ಲೇ ಕರಿಕಾಫಿ ಆಗಬೇಕು. ಒಬ್ಬೊಬ್ಬರಿಗೆ ಒಂದೊಂದು ಕೆಲಸ, ಕೆಲಸವಿಲ್ಲದವರಿಗೆ ಗುಡ್ಡವಿಲ್ಲ. ಪ್ರಭುಲಿಂಗನ ಹೆಸರಿನ ಮುಂದೆ ಕಾಫಿ ಎಂದು ಬರೆದಿತ್ತು. ಹೋದ ಸಲವೂ ಹಾಗೇ ಬರೆದಿತ್ತು. ಆಗ ಅವನು ಡಿಕಾಕ್ಷನ್ನನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋಗಿದ್ದ. ಅರ್ಧ ಗುಡ್ಡದಲ್ಲಿ ಬಾಟಲಿಯ ಮುಚ್ಚಳ ಹಾರಿ, ಮೂರು ಮಂದಿಯ ಹಾಸಿಗೆಗಳು ಹೊಟ್ಟೆತುಂಬ ಕಾಫಿ ಕುಡಿದಿದ್ದವು. ಈ ಸಲವೂ ಕೆಡಿಸಿದರೆ ಹೆಸರು ಹೊಡೆದುಹಾಕುವೆನೆಂದು ತೌಹೀದ ಹೇಳಿಹೋಗಿದ್ದ. ರುಚಿ ನೋಡಲು ಈಗ ಅವನೇ ಬರುವವನಿದ್ದ.

ಬನಶಂಕರಿ: ಅಂಗಡ್ಯಾಗ ಸಣ್ಣ ಪಾಕೀಟು ಸಿಗತಾವ. ಹರಿ, ಸುರುವು, ತಿರುವು, ಕುಡಿ. ಮಂದಿ ಹಂಗ ಮಾಡ್ತಾರ.

ಪ್ರಭುಲಿಂಗ: ಅದು ಕಾಫಿ ಅಲ್ಲ. ಕಾಫಿ ಹೆಸರು ಹೇಳ್ಕೊಂಡು ತಿರಗೋ ಧೂಳು.

ಬನಶಂಕರಿ: ಆತು. ನಿಮ್ಮ ತಂಡದ ಕಿರಣಕುಮಾರ ಹುಬ್ಬಳ್ಳಿಯಿಂದ ಕಾಗದದ ಚೀಲದ ಕಾಫಿ ತಂದುಕೊಟ್ಟ. ಕಪ್ಪಿಗೆ ಸಿಗಿಸಿ ಮ್ಯಾಲ ನೀರು ಹೊಯ್ಯೋದು ಅಷ್ಟ. ಅದಕ್ಕೇನು ರೋಗ ಬಂದಿತ್ತು?

ಪ್ರಭುಲಿಂಗ: ಅದನ್ನ ಬೆಳಕಿಗೆ ಹಿಡದು ನೋಡಿಯೇನು? ಹಾಸಿಲ್ಲ, ಹೊಕ್ಕಿಲ್ಲ, ಒಂದು ಎಳಿ ಇಲ್ಲ ಅದರಾಗ. ಮೂರು ತಲಿಮಾರು ಮಗ್ಗದ ಮ್ಯಾಲ ಕುಂತ ಮನಿತನ ನಮ್ಮದು. ನಾ ಕಾಗದದಾಗ ಸೋಸಿದ್ದು ಕುಡೀಬೇಕಾ?

ಬನಶಂಕರಿ: ನೀವು ಕಾಫಿ ಕುಡ್ಯಾಕ ಹೊಂಟೀರೋ, ಕಾಫಿಗೆ ಸೀರಿ ಉಡಸಾಕ ಹೊಂಟೀರೋ?

ಪ್ರಭುಲಿಂಗ: ಅರಿವಿ ಮುಟ್ಟಿ ನೋಡಿ ಮಾತಾಡು. ಎರಡು ದಿನ ಕುಂತು ನೇಯ್ದೀನಿ. ಗಂಜಿ ಹಿಡಿಸಿ, ಮಗ್ಗದ ಹಣಿಗಿ ಬಡದು ಬಡದು ಬಿಗಿ ಮಾಡೀನಿ. ಸೂಜಿ ತೂರಂಗಿಲ್ಲ.

ಬನಶಂಕರಿ: ಸೂಜಿ ತೂರದ ಜಾಗಾದಾಗ ಕಾಫಿ ಹೆಂಗ ತೂರಬೇಕ್ರಿ?

ಪ್ರಭುಲಿಂಗ ಚೀಲದ ದಾರ ಹಿಡಿದು ನೀರಿನಲ್ಲಿ ಎರಡು ಸಲ ಎತ್ತಿ ಇಳಿಸಿದ. ಆಮೇಲೆ ತನ್ನ ಹಳೆಯ ಆಯುಧವನ್ನು ಹೊರತೆಗೆದ.

ಪ್ರಭುಲಿಂಗ: ಜಾಳು ನೇಯಾಕ ನನ್ನ ಕೈಗೆ ಬರಂಗಿಲ್ಲ. ಅದು ನಿನ್ನ ವಿದ್ಯಾ. ಲಗ್ನ ಆದ ವರ್ಷ ಒಂದು ಮೊಳ ನೇಯ್ದಿದ್ದಿ ನೋಡು. ಅದನ್ನ ಮಕಕ್ಕ ಹಿಡಕೊಂಡು ನಿಂತ್ರ ಓಣ್ಯಾಗ ಹೋಗೋ ಮಂದಿ ಗುರುತು ಸಿಗತಿದ್ರು.

ಇಪ್ಪತ್ತೆರಡು ವರ್ಷ. ಮನೆಗೆ ಬಂದ ಪ್ರತಿಯೊಬ್ಬ ಬೀಗರಿಗೂ ಚಹಾದ ಜೊತೆಗೆ ಈ ಕತೆಯನ್ನು ಅವನು ಬಡಿಸಿದ್ದ. ಬನಶಂಕರಿಯ ತವರಿನಲ್ಲಿ ಮಗ್ಗವೇ ಇರಲಿಲ್ಲವೆಂಬ ಮಾತನ್ನು ಮಾತ್ರ ಪ್ರತಿ ಸಲವೂ ಮರೆಯುತ್ತಿದ್ದ.

ಬನಶಂಕರಿ: ನೆನಪೈತಿ ಬಿಡ್ರಿ. ಅದಿರಲಿ, ಮೌನೇಶಣ್ಣ ಮಣಕಾಲು ನೋವಂತ ಹಿಂದ ಸರದಾನಂತಲ್ಲ. ಒಂದು ಹೆಸರು ಖಾಲಿ ಐತಿ. ನಾನೂ ಬರ್ತೀನಿ ಅಂತ ಮೊನ್ನೆ ಕೇಳಿದ್ನಿ, ನೀವು ಉತ್ತರ ಕೊಡಲಿಲ್ಲ.

ಪ್ರಭುಲಿಂಗ: ಅವಂದು ನೀರು ಹೊರೋ ಕೆಲಸ. ಎರಡು ಕ್ಯಾನು. ನಿನ್ನ ಕೈಲೆ ಆಗತೈತೇನು? ಗುಡ್ಡ ಅಂದ್ರ ಸಂತ್ಯಾಗ ತಿರಗಿದಂಗ ಅಲ್ಲ.

ಬನಶಂಕರಿ: ನಾ ಗುಡ್ಡದ ಬುಡದ ಡೋಣಿ ಊರಾಗ ಹುಟ್ಟಿದಾಕಿ. ಆ ಗುಡ್ಡ ನಮ್ಮ ಹಿತ್ತಲ ಇದ್ದಂಗ ಇತ್ತು. ಹೋದ ಸಲ ನೀವು ಅರ್ಧಕ್ಕ ಕುಂತು ಬೂಟು ಬಿಚ್ಚಿದ್ದು ಫೋಟೋದಾಗ ನೋಡೀನಿ.

ಪ್ರಭುಲಿಂಗ: ಅದು ಫೋಟೋಕ್ಕಂತ ಕುಂತಿದ್ದೆ.

ಬನಶಂಕರಿ: ನಾಲಿಗಿ ಹೊರಗ ಹಾಕ್ಕೊಂಡು?

ಅಷ್ಟರಲ್ಲಿ ಹೊರಗೆ ಬೈಕು ನಿಂತಿತು. ಕೈಯಲ್ಲಿ ಪಟ್ಟಿ, ಕಿವಿಯ ಮೇಲೆ ಪೆನ್ನು, ತೌಹೀದ ಬಂದೇಬಿಟ್ಟ.

ತೌಹೀದ: ಪ್ರಭಣ್ಣಾ, ಹನ್ನೆರಡರ ಒಳಗ ಅರಣ್ಯ ಇಲಾಖೆಗೆ ಹೆಸರು ಮುಟ್ಟಿಸಬೇಕ್ರಿ. ನಿಮ್ಮ ಕಾಫಿ ತಯಾರೈತೋ, ಇಲ್ಲಾ ನಾನು ಪಾಕೀಟು ತಗೊಂಡು ನಿಮ್ಮ ಹೆಸರು ಹೊಡೀಲೋ?

ಪ್ರಭುಲಿಂಗ: ಕುಂಡ್ರು ಕುಂಡ್ರು. ಜಗತ್ತಿನ್ಯಾಗ ಯಾರೂ ಕುಡಿಯದಂಥಾ ಕಾಫಿ ಕುಡಸ್ತೀನಿ ನಿನಗ.

ಬನಶಂಕರಿ: ಅದು ಮಾತ್ರ ಖರೆ ಐತಿ, ತೌಹೀದಣ್ಣಾ.

ಪ್ರಭುಲಿಂಗ ಕಪ್ಪನ್ನು ಹೆಂಡತಿಯ ಕೈಗಿಟ್ಟು, ದನಿ ತಗ್ಗಿಸಿ, ‘ಇನ್ನೊಮ್ಮೆ ಸುಡುಸುಡು ನೀರು ಹಾಕು, ಇಳದುಬಿಡತೈತಿ’ ಎಂದ. ಅವಳು ಕಪ್ಪು ಹಿಡಿದು ಒಳಗೆ ಹೋದಳು. ಒಳಗೆ ಪುಡಿಯ ಡಬ್ಬಿಯ ಮುಚ್ಚಳ ತೆಗೆದ ಸಪ್ಪಳವಾಯಿತು. ಗುಡ್ಡದ ದಾರಿಯನ್ನು ತೌಹೀದನಿಗೆ ವಿವರಿಸುತ್ತಿದ್ದ ಪ್ರಭುಲಿಂಗನಿಗೆ ಅದು ಕೇಳಿಸಲಿಲ್ಲ.

ಕಾಫಿ ಬಂತು. ಕಪ್ಪಗೆ, ತಿಳಿಯಾಗಿ, ಪಡಸಾಲೆ ತುಂಬ ಪರಿಮಳ. ತೌಹೀದ ಒಂದು ಗುಟುಕು ಕುಡಿದ, ಕಣ್ಣು ಮುಚ್ಚಿದ, ಇನ್ನೊಂದು ಗುಟುಕು ಕುಡಿದ.

ತೌಹೀದ: ಇದು ಕಾಫಿ ನೋಡ್ರಿ ಪ್ರಭಣ್ಣ. ಹಂಗಾದ್ರ ಹೋದ ಸಲ ನಮ್ಮ ಹಾಸಿಗಿಗೆ ಕುಡಿಸಿದ್ದು ಏನಿತ್ತು?

ಪ್ರಭುಲಿಂಗನೂ ಕುಡಿದ. ಒಂದು ಕ್ಷಣ ಬೆರಗಾದ. ಮರುಕ್ಷಣವೇ ಎದೆ ಉಬ್ಬಿತು.

ಪ್ರಭುಲಿಂಗ: ಪುಡ್ಯಾಗ ಏನೂ ಇಲ್ಲೋ ತಮ್ಮಾ. ಎಲ್ಲಾ ಅರಿವಿ ಗುಣ. ತಳಕ್ಕ ಒಂದು ಕಣ ಬಿಟ್ಟೈತೇನು ನೋಡು.

ಬನಶಂಕರಿ: ಅಂದ್ರ ನೇಯ್ಗಿ ಚೊಲೋ ಐತಿ ಅಂತೀರಿ?

ಪ್ರಭುಲಿಂಗ: ಚೊಲೋ ಅಂದ್ರ? ಗದಗ ಬೆಟಗೇರ್ಯಾಗ ಇಂಥಾ ಕೈ ಇನ್ನೊಂದಿಲ್ಲ. ನೇಯೋದಂದ್ರ ಹಿಂಗ ನೇಯಬೇಕು.

ಬನಶಂಕರಿ: ತೌಹೀದಣ್ಣಾ, ಕೇಳಿದ್ರಿಲ್ಲೋ?

ತೌಹೀದ: ಕೇಳೀನ್ರಿ ವೈನಿ. ಆ ಅರಿವಿ ನೋಡೂಣು, ತರ್ರಿ.

ಬನಶಂಕರಿ ಒಳಗಿನಿಂದ ಒದ್ದೆ ಬಟ್ಟೆಯೊಂದನ್ನು ತಂದು ಗಂಡನ ತೊಡೆಯ ಮೇಲೆ ಹರವಿದಳು. ಒಂದು ಮೊಳ. ಅಂಚು ಸೊಟ್ಟ. ಎಳೆ ಎಳೆಗಳ ನಡುವೆ ಸಾಸಿವೆ ಕಾಳು ಕುಳಿತೇಳುವಷ್ಟು ಜಾಗ. ಮುಟ್ಟಿದ ಬಟ್ಟೆ ಯಾರ ಕೈಯದೆಂದು ಕಣ್ಣು ಕಟ್ಟಿದರೂ ಹೇಳುವವನು ಪ್ರಭುಲಿಂಗ. ಇದನ್ನು ಮಾತ್ರ ಅವನು ಅವಸರದಿಂದ ಮಡಚತೊಡಗಿದ.

ಬನಶಂಕರಿ: ಓಣಿ ತುಂಬ ತೋರಿಸಿದ್ರಲ್ಲ, ಗುರುತು ಸಿಗಲಿಲ್ಲೇನು? ಇಪ್ಪತ್ತೆರಡು ವರ್ಷ ಇದರಾಗ ಹಾಲು ಸೋಸೀನಿ, ಇವತ್ತ ನಾಕು ಮಡಿಕಿ ಮಾಡಿ ಕಾಫಿ. ಅದ ಹಾಲಿನ ಚಾ ಕುಡಕೋತ ಬಂದಾವ್ರಿಗೆಲ್ಲಾ ಇದರ ಕತಿ ಹೇಳ್ತಿದ್ರಿ.

ತೌಹೀದ: ಮತ್ತ ಪ್ರಭಣ್ಣ ನೇಯ್ದ ಚೀಲ?

ಅವಳು ಅದನ್ನೂ ತಂದಿದ್ದಳು. ಸ್ಟೂಲಿನ ಮೇಲಿಟ್ಟು ದಾರ ಕತ್ತರಿಸಿದಳು. ಅಷ್ಟು ಹೊತ್ತು ನೀರಿನಲ್ಲಿ ಮುಳುಗಿದ್ದ ಚೀಲದಿಂದ ಕಾಫಿಪುಡಿ ಒಣಒಣವಾಗಿ ಸುರಿಯಿತು. ತೌಹೀದ ಬಗ್ಗಿ ಮೆಲ್ಲಗೆ ಊದಿದ. ಪುಡಿ ಹಾರಿ ಪ್ರಭುಲಿಂಗನ ಮೀಸೆಯ ಮೇಲೆ ಕುಳಿತಿತು.

ತೌಹೀದ: ವೈನಿ, ನಿಮ್ಮ ಅರಿವಿ ಎರಡು ದಿನ ನಮಗ ಕೊಡ್ರಿ. ತೊಳದು ತಂದುಕೊಡ್ತೀನಿ.

ಬನಶಂಕರಿ: ಅದು ಒಂದ ಹೋಗಂಗಿಲ್ಲ. ನೇಯ್ದಾಕಿ ಸಂಗಾಟ ಬರ್ತಾಳ. ಕಾಫಿ ಮುಂದ ನನ್ನ ಹೆಸರು ಬರಕೊಳ್ರಿ.

ತೌಹೀದ ಕಿವಿಯ ಮೇಲಿನ ಪೆನ್ನು ತೆಗೆದು ಒಂದು ಹೆಸರು ಹೊಡೆದ, ಇನ್ನೊಂದು ಬರೆದ.

ಪ್ರಭುಲಿಂಗ: ಲೇ ತೌಹೀದ, ನನ್ನ ಹೆಸರು ಹೊಡದಿಯೇನಲೇ? ನಾ ಮನ್ಯಾಗ ಕುಂಡ್ರಲ್ಯಾ?

ತೌಹೀದ: ಒಂದು ಕೆಲಸ ಉಳದೈತ್ರಿ ಅಣ್ಣ. ಮೌನೇಶಂದು.

ಪ್ರಭುಲಿಂಗ: ಎರಡು ಕ್ಯಾನು ನಾ ಹೊರಬೇಕಾ?

ಬನಶಂಕರಿ: ಕ್ಯಾನು ಯಾಕ್ರಿ? ನಿಮ್ಮ ಅರಿವ್ಯಾಗ ಕಟಗೊಂಡು ನಡೀರಿ. ತುದೀತನಕ ಒಂದು ಹನಿ ಸೋರಂಗಿಲ್ಲ.